ಮುಳಶಿಯ ನೀರು ಯಾವ ಕಡೆಗೆ?

ಪುಣೆಯಿಂದ ಪಶ್ಚಿಮಕ್ಕೆ ಪೌಡ್ ದಾಟಿ ತಾಮ್ಹಿಣಿ ಘಾಟಿನ ದಾರಿ ಹಿಡಿದರೆ ಮುಳಶಿ ಜಲಾಶಯ ಬಹಳ ದೂರದವರೆಗೆ ರಸ್ತೆಯ ಜೊತೆಗೇ ಬರುತ್ತದೆ. ಅಲ್ಲಿ ಕಟ್ಟಿ ನಿಲ್ಲಿಸಿರುವುದು ಮುಳಾ ನದಿ. ಈ ನದಿಯ ಸಹಜ ದಿಕ್ಕು ಪೂರ್ವ. ವಾಕಡ್, ಔಂಧ್ ಹಾದು ಪುಣೆಯ ಸಂಗಮದಲ್ಲಿ ಮುಠಾ ನದಿಯನ್ನು ಕೂಡಿ, ಮುಂದೆ ಭೀಮೆಗೆ ಸೇರಿ, ಉಜನಿ ಮತ್ತು ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬಂದು, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಗಾಣಗಾಪುರದಲ್ಲಿ ಮುಳುಗು ಹಾಕುವ ಭಕ್ತರ ಮೈಮೇಲೆ ಹರಿಯಬೇಕಾದ ನೀರು ಇದೇ.

ಆದರೆ ಮುಳಶಿಯಲ್ಲಿ ಶೇಖರವಾದ ನೀರಿನ ಬಹುಪಾಲು ಪೂರ್ವಕ್ಕೆ ಬರುವುದೇ ಇಲ್ಲ. ಸಹ್ಯಾದ್ರಿಯ ಹೊಟ್ಟೆಯೊಳಗಿನ ಸುರಂಗ ಹಿಡಿದು ಪಶ್ಚಿಮಕ್ಕೆ ಹೋಗಿ, ಘಟ್ಟದ ಕೆಳಗಿರುವ ಭಿರಾ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿಸಿ, ಕುಂಡಲಿಕಾ ನದಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಜಲವಿದ್ಯುತ್ತು ಮತ್ತು ನದಿಯ ಆರೋಗ್ಯವನ್ನು ಸರಿದೂಗಿಸುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಇಲ್ಲಿ ಒಂದೇ ಜಲಾಶಯದ ತೀರ್ಮಾನ ಎರಡು ನದಿಗಳ ಮೇಲೆ ಬೀಳುತ್ತದೆ. ಒಂದಕ್ಕೆ ನೀರು ಸಾಲದು, ಇನ್ನೊಂದಕ್ಕೆ ಅದು ಹುಟ್ಟಿದಾಗ ಇರದಿದ್ದಷ್ಟು ನೀರು.

ಪಶ್ಚಿಮಕ್ಕೇ ಏಕೆ ತಿರುಗಿಸಿದರು? ಕಾರಣ ಎತ್ತರ. ಒಂದು ಘನ ಮೀಟರ್ ನೀರು, ಅಂದರೆ ಸಾವಿರ ಲೀಟರ್, ಘಟ್ಟದ ಮೇಲಿನಿಂದ ಸುಮಾರು 500 ಮೀಟರ್ ಕೆಳಗೆ ಬಿದ್ದರೆ ಯಂತ್ರಗಳ ನಷ್ಟ ಕಳೆದು ಸುಮಾರು 1.2 ಯೂನಿಟ್ ವಿದ್ಯುತ್ ಸಿಗುತ್ತದೆ. ಅದೇ ನೀರನ್ನು ಅಣೆಕಟ್ಟಿನ ಬುಡದಲ್ಲಿ 30 ಮೀಟರ್ ಬೀಳಿಸಿ ಪೂರ್ವಕ್ಕೆ ಬಿಟ್ಟರೆ ಸಿಗುವುದು 0.07 ಯೂನಿಟ್. ಹದಿನೇಳು ಪಟ್ಟು ವ್ಯತ್ಯಾಸ. ಟಿಎಂಸಿಯಲ್ಲಿ ಹೇಳುವುದಾದರೆ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಅದು ಘಟ್ಟ ಇಳಿದರೆ 3.4 ಕೋಟಿ ಯೂನಿಟ್. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಮೇಲೆ, ಮುಂಬಯಿಯ ಬಟ್ಟೆ ಗಿರಣಿಗಳಿಗಾಗಿ ಟಾಟಾ ಕಂಪನಿ ಸಹ್ಯಾದ್ರಿಯ ಈ ಕಡಿದಾದ ಇಳಿಜಾರಿನತ್ತ ಕಣ್ಣು ಹಾಯಿಸಿತು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವ್‌ಪುರಿ, 1927ರಲ್ಲಿ ಭಿರಾ ಕೆಲಸ ಆರಂಭಿಸಿದವು. ವಿದ್ಯುದಾಗಾರಗಳು ಮೂರೂ ಕೊಂಕಣದಲ್ಲಿವೆ. ಅವುಗಳಿಗೆ ನೀರುಣಿಸುವ ಲೋಣಾವಳಾ, ವಳವಣ, ಶಿರವಟಾ, ಠೋಕರವಾಡಿ, ಮುಳಶಿ ಜಲಾಶಯಗಳು ಘಟ್ಟದ ಮೇಲೆ, ಭೀಮೆಯ ಜಲಾನಯನದಲ್ಲಿವೆ. ಇಂದಿನ ಒಟ್ಟು ಸಾಮರ್ಥ್ಯ 447 ಮೆಗಾವ್ಯಾಟ್. ಇದರಲ್ಲಿ 150 ಮೆಗಾವ್ಯಾಟ್ ನಂತರ ಸೇರಿದ, ಕೆಳಗಿನ ನೀರನ್ನು ಮತ್ತೆ ಮೇಲೆತ್ತಿ ಬಳಸುವ ಪಂಪ್ಡ್ ಸ್ಟೋರೇಜ್ ಘಟಕ.

ಈ ಕಟ್ಟೆಗಳು ಸುಮ್ಮನೆ ಎದ್ದು ನಿಂತವಲ್ಲ. 1921ರ ಏಪ್ರಿಲ್‌ನಲ್ಲಿ ಮುಳಶಿಯ ಮಾವಳ ರೈತರು ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹಕ್ಕೆ ಕುಳಿತರು. ಭತ್ತದ ಗದ್ದೆ ಮುಳುಗುವುದರ ವಿರುದ್ಧ 1924ರವರೆಗೆ ನಡೆದ ಆ ಹೋರಾಟ ಸೋತಿತು. ಅಣೆಕಟ್ಟಿನಿಂದ ಒಕ್ಕಲೇಳುವವರ ಪರವಾಗಿ ನಮ್ಮ ದೇಶದಲ್ಲಿ ನಡೆದ ಮೊದಮೊದಲ ಸಂಘಟಿತ ಹೋರಾಟಗಳಲ್ಲಿ ಅದೂ ಒಂದು. ಶರಾವತಿಯಲ್ಲಿ ಮುಳುಗಡೆ ಕಂಡ ಮಲೆನಾಡಿನವರಿಗೆ ಅದರ ನೋವು ವಿವರಿಸಿ ಹೇಳಬೇಕಾಗಿಲ್ಲ.

ಪಶ್ಚಿಮಕ್ಕೆ ಎಷ್ಟು ನೀರು ಹೋಗಬಹುದು ಎಂಬುದಕ್ಕೆ ಮಿತಿ ಇದೆ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಾಧಿಕರಣದ ಐತೀರ್ಪು 1976ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಟಾಟಾ ಯೋಜನೆಗಳು ಯಾವುದೇ ಒಂದು ವರ್ಷದಲ್ಲಿ 54.5 ಟಿಎಂಸಿ ಮತ್ತು ಸತತ ಐದು ವರ್ಷಗಳಲ್ಲಿ ಒಟ್ಟು 212 ಟಿಎಂಸಿ ಮೀರಿ ಕಣಿವೆಯ ಆಚೆಗೆ ಒಯ್ಯುವಂತಿಲ್ಲ. ಸತಾರಾ ಜಿಲ್ಲೆಯ ಕೊಯ್ನಾ ಯೋಜನೆಗೆ ವರ್ಷಕ್ಕೆ 67.5 ಟಿಎಂಸಿ. ಎರಡನ್ನೂ ಕೂಡಿದರೆ ವರ್ಷಕ್ಕೆ ಸರಾಸರಿ ನೂರಾ ಹತ್ತು ಟಿಎಂಸಿಯಷ್ಟು ನೀರು ಕೃಷ್ಣಾ ಕಣಿವೆಯಿಂದ ಹೊರಗೆ ಹೋಗಲು ಅವಕಾಶವಿದೆ. ಉಜನಿ ಜಲಾಶಯ ಭರ್ತಿಯಾದಾಗ ಹಿಡಿಯುವ ಒಟ್ಟು ನೀರು 117 ಟಿಎಂಸಿ ಎಂದರೆ ಪ್ರಮಾಣದ ಅಂದಾಜು ಸಿಗುತ್ತದೆ. ಗಮನಿಸಬೇಕಾದ ಅಂಶವೊಂದಿದೆ: ಈ ಮಿತಿ ರಾಜ್ಯಗಳ ನಡುವಿನ ಹಂಚಿಕೆಯ ಮಿತಿ. ಗರಿಷ್ಠ ಎಷ್ಟು ಒಯ್ಯಬಹುದು ಎಂದು ಅದು ಹೇಳುತ್ತದೆ. ಅಣೆಕಟ್ಟಿನ ಕೆಳಗಿನ ನದಿಗೆ ಯಾವ ತಿಂಗಳು ಕನಿಷ್ಠ ಎಷ್ಟು ಬಿಡಬೇಕು ಎಂಬುದು ಬೇರೆಯೇ ಪ್ರಶ್ನೆ. ನದಿ ಬದುಕುವುದು ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ.

ಈಗ ವಿದ್ಯುತ್ ಇಲಾಖೆಯವರ ಕಡೆಯಿಂದ ನೋಡೋಣ. ಕಲ್ಲಿದ್ದಲಿನ ಸ್ಥಾವರವನ್ನು ತಣ್ಣಗಿರುವ ಸ್ಥಿತಿಯಿಂದ ಎಬ್ಬಿಸಲು ಹಲವು ಗಂಟೆ ಬೇಕು. ಭಿರಾದಂಥ ಸ್ಥಾವರದಲ್ಲಿ ಪೆಲ್ಟನ್ ಚಕ್ರದ ಬಟ್ಟಲುಗಳ ಮೇಲೆ ನೀರು ಚಿಮ್ಮಿಸುವ ಮೂತಿ ತೆರೆದರೆ ಸಾಕು, ಕೆಲವೇ ನಿಮಿಷಗಳಲ್ಲಿ ವಿದ್ಯುತ್ ಹರಿಯುತ್ತದೆ. ಸಂಜೆ ಸೂರ್ಯ ಮುಳುಗಿ ಸೌರ ವಿದ್ಯುತ್ ಇಳಿದು, ಮನೆಮನೆಯ ದೀಪ, ಫ್ಯಾನು, ಎಸಿ ಒಟ್ಟಿಗೆ ಹೊತ್ತಿಕೊಳ್ಳುವ ಹೊತ್ತಿಗೆ ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ನಿಂದ ಜಾರದಂತೆ ಹಿಡಿಯುವುದು ಇಂಥ ಸ್ಥಾವರಗಳು. ಇಡೀ ಗ್ರಿಡ್ ಬಿದ್ದಾಗ ಹೊರಗಿನ ವಿದ್ಯುತ್ತಿನ ನೆರವಿಲ್ಲದೆ ಮೊದಲು ಎದ್ದು ಉಳಿದವನ್ನು ಎಬ್ಬಿಸಬಲ್ಲವೂ ಇವೇ. ಹಾಗಾಗಿ ಜಲವಿದ್ಯುತ್ತಿನ ನಿಜವಾದ ಬೆಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದಕ್ಕಿಂತ ಯಾವ ಗಂಟೆಯಲ್ಲಿ ಎಂಬುದರಲ್ಲಿದೆ. ಈ ಮಾತನ್ನು ನೆನಪಿನಲ್ಲಿಡಿ, ಪರಿಹಾರದ ಬೀಗದ ಕೈ ಇದರಲ್ಲೇ ಇದೆ.

ಗ್ರಿಡ್ಡಿನ ಈ ಏರಿಳಿತ ನೇರವಾಗಿ ಹೊಳೆಗೆ ಇಳಿಯುತ್ತದೆ. ಕುಂಡಲಿಕಾ ತೀರದ ಕೋಲಾಡ್‌ಗೆ ಪುಣೆ, ಮುಂಬಯಿಯ ಹುಡುಗರು ರಾಫ್ಟಿಂಗಿಗೆಂದು ಹೋಗುತ್ತಾರೆ. ಅಲ್ಲಿ ಮಳೆಗಾಲ ಮುಗಿದ ಮೇಲೂ ರಾಫ್ಟಿಂಗ್ ನಡೆಯುವುದು ಭಿರಾದಿಂದ ಬರುವ ನೀರಿನಿಂದ. ಬೆಳಿಗ್ಗೆ ದಡಕ್ಕೆ ಹೋದರೆ ಗುಂಡುಕಲ್ಲುಗಳು ಬೆನ್ನು ತೋರಿಸಿಕೊಂಡು ಒಣಗಿ ಕುಳಿತಿರುತ್ತವೆ, ನಡುವೆ ತೆಳ್ಳಗೆ ಒಂದು ಹರಿವು. ಮೇಲಿನಿಂದ ನೀರು ಬಿಟ್ಟ ಮೇಲೆ ಕಲ್ಲುಗಳು ಒಂದೊಂದಾಗಿ ಮುಳುಗುತ್ತವೆ, ಮರಳಿನ ಅಂಚು ಕಾಣೆಯಾಗುತ್ತದೆ, ದೋಣಿಗಳು ಹೊರಡುತ್ತವೆ. ಕೆಲವೇ ಗಂಟೆಗಳಲ್ಲಿ ನೀರು ಮತ್ತೆ ಇಳಿದು, ದಡದ ಗುಂಡಿಗಳಲ್ಲಿ ಸಣ್ಣ ಮೀನುಗಳು ಸಿಕ್ಕಿಬೀಳುತ್ತವೆ. ದೋಣಿಯವರಿಗೆ ಇದು ಅನ್ನ. ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಟ್ಟ ಮೀನಿಗೆ, ಕಲ್ಲಿಗಂಟಿದ ಹುಳುಗಳಿಗೆ ದಿನವೂ ನೆರೆ, ದಿನವೂ ಬರ. ಬಟ್ಟೆ ಒಗೆಯಲು ಇಳಿದವರಿಗೂ ಹಠಾತ್ತನೆ ಏರುವ ನೀರು ಅಪಾಯ.

ಇದಕ್ಕೆ ಎಂಜಿನಿಯರುಗಳು ಬಲ್ಲ ಮದ್ದು ಎರಡು. ಯಂತ್ರವನ್ನು ಒಮ್ಮೆಲೇ ಪೂರ್ತಿ ತೆರೆಯದೆ, ಒಮ್ಮೆಲೇ ಮುಚ್ಚದೆ, ಹರಿವಿನ ಏರಿಳಿತಕ್ಕೆ ಗಂಟೆಗಿಷ್ಟೇ ಎಂಬ ಮಿತಿ ಹಾಕುವುದು ಒಂದು. ಇಳಿಸುವಾಗಲಂತೂ ನಿಧಾನವೇ ಮುಖ್ಯ, ಮೀನು ದಡ ಬಿಟ್ಟು ಆಳಕ್ಕೆ ಸರಿಯಲು ಸಮಯ ಸಿಗಬೇಕು. ವಿದ್ಯುದಾಗಾರದ ಕೆಳಗೆ ಇನ್ನೊಂದು ಸಣ್ಣ ಕಟ್ಟೆ ಕಟ್ಟಿ, ಮೇಲಿನಿಂದ ಅಲೆಅಲೆಯಾಗಿ ಬಂದ ನೀರನ್ನು ಹಿಡಿದು ಸಮನಾಗಿ ಬಿಡುವುದು ಇನ್ನೊಂದು. ಭಿರಾದ ಕೆಳಗೆ ರವಾಳ್ಜೆಯಲ್ಲಿ ಅಂಥ ಕಟ್ಟೆಯಿದೆ, ಅಲ್ಲೂ 80 ಮೆಗಾವ್ಯಾಟ್ ವಿದ್ಯುತ್ ತೆಗೆಯುತ್ತಾರೆ. ಶರಾವತಿಗೆ ಗೇರುಸೊಪ್ಪ, ಕಾಳಿಗೆ ಕದ್ರಾ ಇರುವುದೂ ಇಂಥದೇ ಜಾಗದಲ್ಲಿ. ಕಟ್ಟೆ ಇದ್ದ ಮಾತ್ರಕ್ಕೆ ಹರಿವು ಸಮನಾಗುವುದಿಲ್ಲ. ಅದನ್ನು ಸಮ ಮಾಡಲು ಬಳಸುತ್ತೇವೋ ಇನ್ನೊಂದು ಸುತ್ತು ಏರಿಳಿತಕ್ಕೆ ಬಳಸುತ್ತೇವೋ ಎಂಬುದು ನಡೆಸುವವರ ಕೈಯಲ್ಲಿದೆ.

ಸಮ ಮಾಡಿದರೂ ಮುಗಿಯಲಿಲ್ಲ. ಹೊನ್ನಾವರದ ಶರಾವತಿ ಅಳಿವೆಯ ಪಾಠ ಇಲ್ಲಿ ನೆನಪಾಗಬೇಕು. ವರ್ಷವಿಡೀ ವಿದ್ಯುದಾಗಾರದ ಸಿಹಿನೀರು ಬರುವುದರಿಂದ ಅಳಿವೆಯ ಉಪ್ಪಿನಂಶ ಕುಗ್ಗಿ, ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಗಿಂತ ಅಲ್ಲಿ ಮೀನು, ಚಿಪ್ಪುಜೀವಿಗಳ ವೈವಿಧ್ಯ ಕಡಿಮೆಯಾಗಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಎಂ.ಡಿ. ಸುಭಾಷ್ ಚಂದ್ರನ್ ಅವರ ಅಧ್ಯಯನಗಳು ತೋರಿಸಿವೆ. ನೀರು ಹೆಚ್ಚಾಗುವುದೂ ನದಿಗೆ ಪೆಟ್ಟೇ. ಹಾಗೆಂದು ನಾಳೆಯೇ ಪಶ್ಚಿಮದ ಹರಿವು ನಿಲ್ಲಿಸಿ ಎನ್ನುವುದೂ ಸಲ್ಲದು. ಕುಂಡಲಿಕೆಯ ದೋಲವಹಾಳ್ ಒಡ್ಡಿನಿಂದ ಕಾಲುವೆ ಹಿಡಿದು ಬೇಸಿಗೆ ಬೆಳೆ ತೆಗೆಯುವ ರೈತರಿದ್ದಾರೆ, ರೋಹಾದ ಕೈಗಾರಿಕೆಗಳಿವೆ, ಕುಡಿಯುವ ನೀರಿನ ಯೋಜನೆಗಳಿವೆ. ನೂರು ವರ್ಷ ಒಂದು ಕಡೆ ಹರಿದ ನೀರಿನ ಸುತ್ತ ಬದುಕು ಬೇರು ಬಿಟ್ಟಿರುತ್ತದೆ. ಎಲ್ಲ ನೀರನ್ನೂ ಭೀಮೆಗೆ ಮರಳಿಸಿ ಎಂಬ ಬೇಡಿಕೆ ಮಹಾರಾಷ್ಟ್ರದಲ್ಲಿ ಆಗಾಗ ಏಳುತ್ತದೆ; ನನ್ನ ಮಟ್ಟಿಗೆ, ಒಂದು ಪಾಲು ಮರಳಿಸಿ ಎಂಬುದೇ ಸಾಧ್ಯವಾದ, ನ್ಯಾಯವಾದ ಮಾತು.

ಹಾಗಾದರೆ ಮುಳೆಗೆ ಎಷ್ಟು ಪಾಲು? ನಮ್ಮಲ್ಲಿ ಇದಕ್ಕೆ ಬಳಕೆಯಲ್ಲಿರುವ ಹೆಸರು ಪರಿಸರ ಹರಿವು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನದಿಗಳಲ್ಲಿ ಬೇಸಿಗೆ ಕಾಲದ ಸರಾಸರಿ ಹರಿವಿನ ಶೇ. 15ರಿಂದ 20 ಉಳಿಸಬೇಕೆಂದಿತು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗಂಗೆಯ ಮೇಲ್ಭಾಗಕ್ಕೆ ತಿಂಗಳವಾರು ಪ್ರಮಾಣ ಗೊತ್ತುಮಾಡಿತು: ನವೆಂಬರ್‌ನಿಂದ ಮಾರ್ಚ್‌ವರೆಗೆ ಶೇ. 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ ಶೇ. 25, ಮಳೆಗಾಲದಲ್ಲಿ ಶೇ. 30. ಹಿಮ ಕರಗಿ ಬೇಸಿಗೆಯಲ್ಲೂ ನೀರು ಬರುವ ನದಿಗೆ ಇದು ಒಪ್ಪುವ ಲೆಕ್ಕ. ಸಹ್ಯಾದ್ರಿಯ ನದಿಗೆ ಬೇಸಿಗೆ ಹರಿವಿನ ಶೇಕಡಾವಾರು ಲೆಕ್ಕವನ್ನೇ ಹಿಡಿದರೆ ಕೈಗೆ ಬರುವುದು ಸೊನ್ನೆಯ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುವ ಮಳೆ ಇದು. ಅಣೆಕಟ್ಟು ಇಲ್ಲದಿದ್ದರೂ ಏಪ್ರಿಲ್‌ನಲ್ಲಿ ಮುಳೆ ಮಡುವಿನಿಂದ ಮಡುವಿಗೆ ಜಿನುಗುವ ಸಣ್ಣ ಹೊಳೆಯಾಗಿಯೇ ಇರುತ್ತಿತ್ತು.

ಇಂಥ ನದಿಗೆ ಪ್ರಾಣದಂತಿರುವ ಕಾಲಗಳು ಬೇರೆ. ಮೊದಲನೆಯದು ಜೂನ್ ತಿಂಗಳ ಮೊದಲ ಕೆನ್ನೀರು. ಮೀನಿಗೆ ಮೇಲಕ್ಕೆ ಹತ್ತಿ ಮೊಟ್ಟೆಯಿಡಲು ಸೂಚನೆ ಕೊಡುವುದು, ಎಂಟು ತಿಂಗಳ ಕೊಳೆಯನ್ನು ತಳದಿಂದ ಎತ್ತಿ ಒಯ್ಯುವುದು ಅದೇ. ಆದರೆ ಬೇಸಿಗೆಯಲ್ಲಿ ಬರಿದಾದ ಜಲಾಶಯ ಆ ಮೊದಲ ನೀರನ್ನೆಲ್ಲ ನುಂಗಿಬಿಡುತ್ತದೆ. ಜಲಾಶಯ ತುಂಬುತ್ತ ಬರುವ ಜುಲೈ ಕೊನೆ, ಆಗಸ್ಟ್‌ವರೆಗೆ ಕೆಳಗಿನ ನದಿಗೆ ಸಿಗುವುದು ಹಳ್ಳಗಳ ನೀರು ಮಾತ್ರ. ಎರಡನೆಯದು ಅಕ್ಟೋಬರ್‌ನಿಂದ ಜನವರಿವರೆಗಿನ ಇಳಿಯುವ ಹರಿವು. ಕಾಡಿನ ಮಣ್ಣು ಹೀರಿದ್ದನ್ನು ಮೆಲ್ಲಗೆ ಬಿಟ್ಟುಕೊಡುವ ಈ ದಿನಗಳಲ್ಲೇ ಮರಿಮೀನು ಬೆಳೆಯುವುದು, ಮಡುಗಳು ತುಂಬಿ ಬೇಸಿಗೆಗೆ ಸಿದ್ಧವಾಗುವುದು. ಅಣೆಕಟ್ಟಿನ ಕೆಳಗೆ ಈ ನಾಲ್ಕು ತಿಂಗಳು ಕಡಿದುಹೋಗುತ್ತವೆ. ಗೇಟು ಮುಚ್ಚಿದ ಮರುವಾರವೇ ನದಿಗೆ ಏಪ್ರಿಲ್ ಬಂದಂತೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ನಾನೇ ಹಿಡಿದವು. ಅಕ್ಟೋಬರ್‌ನಿಂದ ಜನವರಿವರೆಗೆ ಸರಾಸರಿ ಸೆಕೆಂಡಿಗೆ 5 ಘನ ಮೀಟರ್, ಅಂದರೆ ಸುಮಾರು 177 ಕ್ಯೂಸೆಕ್ ಬಿಡೋಣ. ಆರಂಭದಲ್ಲಿ ಹೆಚ್ಚು, ಬರಬರುತ್ತ ಕಡಿಮೆ. ಫೆಬ್ರವರಿಯಿಂದ ಮೇವರೆಗೆ 1.5 ಘನ ಮೀಟರ್. ಎಂಟು ತಿಂಗಳಿಗೆ ಒಟ್ಟು ಸುಮಾರು 2.4 ಟಿಎಂಸಿ ಆಗುತ್ತದೆ. ಮುಳಶಿಯ ಸುಮಾರು 20 ಟಿಎಂಸಿ ಸಂಗ್ರಹದಲ್ಲಿ ಎಂಟನೇ ಒಂದು ಪಾಲು. ಇದರಿಂದ ಭಿರಾ ಕಳೆದುಕೊಳ್ಳುವುದು ವರ್ಷಕ್ಕೆ ಸುಮಾರು 8 ಕೋಟಿ ಯೂನಿಟ್. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಒಂದು ಮೆಗಾವ್ಯಾಟ್ ಸೌರ ಸ್ಥಾವರ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆಂದು ಹಿಡಿದರೆ, ಈ ನಷ್ಟ ತುಂಬಲು 55 ಮೆಗಾವ್ಯಾಟ್ ಸೌರ ವಿದ್ಯುತ್ ಬೇಕು. ಮಹಾರಾಷ್ಟ್ರದಂಥ ರಾಜ್ಯಕ್ಕೆ ಇದು ಕೈಗೆಟುಕದ ಮಾತಲ್ಲ.

ಸೂರ್ಯ ಸಂಜೆ ಇರುವುದಿಲ್ಲವಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ನೀರು ಕಡಿಮೆಯಾದರೂ ಭಿರಾದ ಯಂತ್ರಗಳು ಅಲ್ಲೇ ಇರುತ್ತವೆ, ಸಾಮರ್ಥ್ಯ ಕುಗ್ಗುವುದಿಲ್ಲ. ಕಡಿಮೆಯಾಗುವುದು ಓಡುವ ಗಂಟೆಗಳು ಮಾತ್ರ. ಸೌರ ವಿದ್ಯುತ್ ಧಾರಾಳವಾಗಿರುವ ಮಧ್ಯಾಹ್ನ ಯಂತ್ರ ನಿಲ್ಲಿಸಿ, ಆ ನೀರನ್ನು ಮುಳೆಗೆ ಕೊಟ್ಟು, ಸಂಜೆಯ ಪಾಳಿಯನ್ನು ಹಾಗೇ ಉಳಿಸಿಕೊಳ್ಳಬಹುದು. ಗಂಟೆ ಆರಿಸಿಕೊಳ್ಳುವ ಶಕ್ತಿ ಜಲಾಶಯಕ್ಕೆ ಇರುವುದರಿಂದಲೇ ಈ ಹೊಂದಾಣಿಕೆ ಸಾಧ್ಯ. ಪೂರ್ವಕ್ಕೆ ಬಿಡುವ ನೀರೂ ಬರಿಗೈಯಲ್ಲಿ ಹೋಗಬೇಕಿಲ್ಲ: ಅಣೆಕಟ್ಟಿನ ಬುಡದಲ್ಲೇ ಚಿಕ್ಕ ಟರ್ಬೈನ್ ಇಟ್ಟರೆ ಅಷ್ಟಿಷ್ಟು ವಿದ್ಯುತ್ ಸಿಗುತ್ತದೆ. ಕೊಯ್ನಾದಲ್ಲಿ ಪೂರ್ವಕ್ಕೆ ಬಿಡುವ ನೀರಿನಿಂದ 40 ಮೆಗಾವ್ಯಾಟ್ ತೆಗೆಯುವ ಬುಡದ ವಿದ್ಯುದಾಗಾರ ಇದೆ. ಪುಣೆಯ ಸುತ್ತಲಿನ ಪಾನಶೇತ್, ವರಸಗಾಂವ್, ಪವನಾ, ಭಾಟಘರ್ ಅಣೆಕಟ್ಟುಗಳಲ್ಲೂ ನೀರಾವರಿಗೆ, ನಗರಕ್ಕೆ ಬಿಡುವ ನೀರನ್ನೇ ಟರ್ಬೈನ್ ಹಾಯಿಸಿ ಬಿಡುತ್ತಾರೆ. ಅಲ್ಲಿ ವಿದ್ಯುತ್ತಿಗಾಗಿ ನದಿ ದಿಕ್ಕು ಬದಲಿಸುವುದಿಲ್ಲ.

ಬಿಡುವ ನೀರು ಎಂಥದ್ದು ಎಂಬುದನ್ನೂ ನೋಡಬೇಕು. ಆಳದ ಜಲಾಶಯದ ತಳದ ನೀರು ತಣ್ಣಗಿರುತ್ತದೆ, ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆ. ಬೇರೆ ಬೇರೆ ಮಟ್ಟದಿಂದ ನೀರು ಎಳೆಯುವ ಬಾಗಿಲುಗಳಿದ್ದರೆ ಮೇಲಿನ ಬೆಚ್ಚಗಿನ ನೀರನ್ನು ಬೆರೆಸಬಹುದು. ಪುಣೆಗೆ ಬಂದಾಗ ಪ್ರಶ್ನೆ ಇನ್ನೂ ಕಠಿಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2022ರಲ್ಲಿ ದೇಶದಲ್ಲಿ ಗುರುತಿಸಿದ 311 ಮಲಿನ ನದಿಭಾಗಗಳಲ್ಲಿ 55 ಮಹಾರಾಷ್ಟ್ರದವು, ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಪುಣೆಯ ನದಿಗಳೂ ಆ ಪಟ್ಟಿಯಲ್ಲಿವೆ. ಒಳಚರಂಡಿ ನೀರನ್ನು ಸಂಸ್ಕರಿಸದೆ ಬಿಟ್ಟು, ತೊಳೆಯಲು ಮುಳಶಿಯಿಂದ ನೀರು ಕೊಡಿ ಎನ್ನುವುದು ತಪ್ಪು. ಆದರೆ ಸಂಸ್ಕರಿಸಿದ ಮೇಲೂ ಜೀವವಿರುವ ನದಿಗೆ ಮೇಲಿನಿಂದ ತಿಳಿನೀರು ಬೇಕೇ ಬೇಕು.

ಮೀನಿನ ವಿಷಯಕ್ಕೆ ಬಂದರೆ, ಈ ನದಿಗೆ ಒಂದು ಹೆಗ್ಗಳಿಕೆಯಿದೆ. ಶೃಂಗೇರಿ, ಶಿಶಿಲದ ದೇವರ ಮೀನುಗಳ ಜಾತಿಯಾದ ದಖ್ಖನಿನ ಮಹಶೀರ್, ಟಾರ್ ಖುದ್ರೀ, ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು ಪುಣೆಯ ಮುಳಾ-ಮುಠೆಯಿಂದ. ಕರ್ನಲ್ ಸೈಕ್ಸ್ 1839ರಲ್ಲಿ ಅದನ್ನು ವಿವರಿಸಿದರು. ಅಣೆಕಟ್ಟುಗಳು ಬಂದ ಮೇಲೆ ಮೀನಿನ ದಾರಿ ಕಡಿಯಿತು. ಟಾಟಾ ಸಂಸ್ಥೆ 1970ರ ದಶಕದಲ್ಲಿ ಲೋಣಾವಳಾದ ವಳವಣದಲ್ಲಿ ಮರಿ ಉತ್ಪಾದನಾ ಕೇಂದ್ರ ತೆರೆದು ದೇಶದ ಅನೇಕ ನದಿ, ಕೆರೆಗಳಿಗೆ ಮರಿ ಬಿಟ್ಟಿತು. ಕಾಳಜಿಯಿಂದ ಮಾಡಿದ ಕೆಲಸ. ಆದರೆ ಆ ಮರಿಗಳು ಕಾವೇರಿಗೂ ಬಂದವು. ಅಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಇತ್ತು. ಹೊರಗಿನಿಂದ ಬಂದ ಈ ನೀಲಿ ರೆಕ್ಕೆಯ ಜಾತಿ ಹೆಚ್ಚಿದಂತೆ ಸ್ಥಳೀಯ ಮೀನು ಕಾಣೆಯಾಗುತ್ತ ಬಂದು, ಇಂದು ಅದು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ನದಿಗೆ ಹರಿವನ್ನು ಮರಳಿಸುವ ಬದಲು ಮರಿ ಬಿಟ್ಟು ಪರಿಹಾರ ಮಾಡಿದೆವೆಂದು ಸಮಾಧಾನಪಡುವುದರ ಬೆಲೆಯನ್ನು ನಮ್ಮ ಕಾವೇರಿ ತೆತ್ತಿದೆ.

ನೆರೆಯ ಬಗ್ಗೆ ಎರಡು ಮಾತು. ವಿದ್ಯುತ್ತಿಗಾಗಿ ಜಲಾಶಯ ಬೇಗ ತುಂಬಿಸಿಕೊಳ್ಳುವ ಆಸೆ ಸಹಜ. ಆದರೆ ನೆರೆ ತಡೆಯಲು ಜಾಗ ಖಾಲಿ ಇಡಬೇಕು. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರು ಪುಣೆಯ ಸಿಂಹಗಡ ರಸ್ತೆಯ ಬಡಾವಣೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಯಾವ ದಿನ ಎಷ್ಟು ಮಟ್ಟ ಮೀರಬಾರದು ಎಂಬ ವೇಳಾಪಟ್ಟಿಯನ್ನು ಮಳೆಯ ಮುನ್ಸೂಚನೆಗೆ ತಕ್ಕಂತೆ ತಿದ್ದುತ್ತ, ಜೂನ್-ಜುಲೈನಲ್ಲೇ ಸ್ವಲ್ಪ ಸ್ವಲ್ಪ ಬಿಡುತ್ತ ಬಂದರೆ ನೆರೆಗೂ ಜಾಗ ಸಿಗುತ್ತದೆ, ನದಿಗೆ ಅದರ ಮೊದಲ ಕೆನ್ನೀರೂ ಸಿಗುತ್ತದೆ.

ಇನ್ನು ಮುಂದಿನ ಬೆಳವಣಿಗೆ. 2023ರಲ್ಲಿ ಟಾಟಾ ಪವರ್ ಇದೇ ಸೀಮೆಯ ಶಿರವಟಾದಲ್ಲಿ 1,800 ಮತ್ತು ಭಿವ್‌ಪುರಿಯಲ್ಲಿ 1,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗೆ ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಹಗಲಿನ ಅಗ್ಗದ ವಿದ್ಯುತ್ತಿನಿಂದ ಕೆಳಗಿನ ನೀರನ್ನು ಮೇಲೆತ್ತಿ, ಸಂಜೆ ಬೀಳಿಸುವುದು ಇದರ ಕ್ರಮ. ಎತ್ತಲು ಖರ್ಚಾದದ್ದರಲ್ಲಿ ಮುಕ್ಕಾಲು ಭಾಗದಷ್ಟು ವಿದ್ಯುತ್ ಮರಳಿ ಬರುತ್ತದೆ. ಅದೇ ನೀರು ಮೇಲೆ ಕೆಳಗೆ ಓಡಾಡುವುದರಿಂದ ಸಂಜೆಯ ಬೇಡಿಕೆಗೆ ನದಿಯ ಹೊಸ ನೀರು ಅಷ್ಟಾಗಿ ಬೇಕಿಲ್ಲ. ಹೀಗೆ ಉಳಿತಾಯವಾಗುವ ನೀರಿನಲ್ಲಿ ಭೀಮೆಯ ಉಪನದಿಗಳಿಗೆ ಎಷ್ಟು ಎಂಬುದನ್ನು ಪರವಾನಗಿ ಕೊಡುವಾಗಲೇ ಬರೆಸಬೇಕು. ಯೋಜನೆ ಮುಗಿದ ಮೇಲೆ ಕೇಳಿದರೆ ನೀರಿಗೆ ಆಗಲೇ ಬೇರೆ ವಾರಸುದಾರರು ಹುಟ್ಟಿರುತ್ತಾರೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯಲ್ಲಿ ಕಾಡಿನ ಜೊತೆ ಈ ಪ್ರಶ್ನೆಯನ್ನೂ ನಾವು ಎತ್ತಬೇಕು.

ಕರ್ನಾಟಕಕ್ಕೆ ಇದರಲ್ಲಿ ಪರೋಕ್ಷ ಆಸಕ್ತಿ ಮಾತ್ರ ಎಂದುಕೊಳ್ಳಬೇಡಿ. 2023ರ ಮೇ ಕೊನೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಹಾರಾಷ್ಟ್ರಕ್ಕೆ ಪತ್ರ ಬರೆದು, ಕುಡಿಯುವ ನೀರಿಗಾಗಿ ವಾರಣಾ-ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ಬಿಡುವಂತೆ ಕೋರಿದರು. ಮೇಲೆ ಹಾಕಿದ ಲೆಕ್ಕದ 2.4 ಟಿಎಂಸಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಷ್ಟೂ ನೀರು ಉಜನಿ ದಾಟಿ ನಮಗೆ ಬರುತ್ತದೆಂದಲ್ಲ. ನಡುವೆ ಬಳಸುವವರು ಬಹಳ. ಆದರೆ ಪ್ರತಿ ಬೇಸಿಗೆಯಲ್ಲೂ ಪತ್ರ ಬರೆದು ಕೇಳುವ ಸ್ಥಿತಿಗಿಂತ, ಮೇಲಿನಿಂದಲೇ ನಿಯಮವಾಗಿ ಹರಿಯುವ ನದಿ ಇಡೀ ಕಣಿವೆಗೆ ಲೇಸು.

ಪುಣೆಯಲ್ಲಿ ದುಡಿಯುತ್ತಿರುವ ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು ಸಾವಿರಾರು. ಅವರು ಕುಡಿಯುವುದು ಭೀಮೆಯ ಮೇಲಿನ ನೀರು, ಅವರ ಊರು ಕಾಯುವುದು ಕೆಳಗಿನ ನೀರನ್ನು. ಅವರಿಗೂ, ಭೀಮೆಯ ದಡದ ರೈತರಿಗೂ ನನ್ನ ವಿನಂತಿ ಇಷ್ಟು. ಮಳೆಗಾಲದಲ್ಲಿ ಅಣೆಕಟ್ಟು ಶೇಕಡಾ ಎಷ್ಟು ತುಂಬಿತು ಎಂದು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಮಳೆ ನಿಂತ ಮೇಲೆ ಅದೇ ಅಣೆಕಟ್ಟಿನ ಕೆಳಗೆ ನದಿಗೆ ಎಷ್ಟು ಕ್ಯೂಸೆಕ್ ಬಿಟ್ಟರು ಎಂದೂ ಕೇಳಿ. ನದಿಯ ಮಾದರಿ ಕಟ್ಟಿ ಅಳೆಯುವುದರಲ್ಲಿ ಶತಮಾನದ ಅನುಭವವಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಖಡಕ್‌ವಾಸ್ಲಾದಲ್ಲೇ ಇದೆ. ಅಳೆಯುವ ವಿದ್ಯೆಗೆ ದೂರ ಹೋಗಬೇಕಾಗಿಲ್ಲ. ಮುಳಶಿಯ ಕೆಳಗೆ ತಿಂಗಳವಾರು ಹರಿವಿನ ಅಂಕಿ ನಿಗದಿಯಾಗಲಿ, ಅಲ್ಲೊಂದು ಮಾಪಕ ಕೂರಲಿ, ಅದರ ಲೆಕ್ಕ ದಿನವೂ ಮರಾಠಿ ಮತ್ತು ಕನ್ನಡ ಎರಡರಲ್ಲೂ ಜನರ ಮುಂದೆ ಬರಲಿ.